ಗೇರು ಹಾಕುವ ಕೈಗೆ ನಾಲ್ಕು ತಂತಿ

ನಿನ್ನೆ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಕಾಲು ನೆಲಕ್ಕಿಟ್ಟರೆ ಹೆಬ್ಬೆರಳಿಗೆ ಏನೋ ಚುಚ್ಚಿತು. ಮುಳ್ಳು ಅಂದುಕೊಂಡೆ. ಧರ್ಮಪುರಿ ಹತ್ತಿರದ ನಲ್ಲಂಪಳ್ಳಿ ಕಡೆಯ ಹಳ್ಳಿಗಳಲ್ಲಿ ಮುಳ್ಳು ಚುಚ್ಚಿದರೆ ಯಾರೂ ಅದರ ಮೇಲೆ ಪ್ರಬಂಧ ಬರೆಯುವುದಿಲ್ಲ, ಕಿತ್ತು ಬಿಸಾಕಿ ಹಲ್ಲುಜ್ಜಲು ಹೋಗುತ್ತಾರೆ. ನಾನೂ ಕಿತ್ತೆ. ನೋಡಿದರೆ ಉಕುಲೇಲೆ ತಂತಿಯ ತುಂಡು. ನಮ್ಮ ಮನೆಯಲ್ಲಿ ಈಗ ಇವು ಎಲ್ಲಿ ಬೇಕಾದರೂ ಸಿಗುತ್ತವೆ: ಚಾಪೆಯ ಹೆಣಿಗೆಯಲ್ಲಿ, ಪೊರಕೆಯ ಬುಡದಲ್ಲಿ, ಒಮ್ಮೆ ಅವರೆಕಾಳಿನ ಸಾರಿನಲ್ಲಿ. ಸಾರಿನಲ್ಲಿ ಸಿಕ್ಕ ದಿನ ನನ್ನ ಹೆಂಡತಿ ರಾಜಮ್ಮ ಅದನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, “ನಿಮ್ ಸಂಗೀತ ಒಟ್ಟೆಗೂ ಇಳೀತು” ಅಂದಿದ್ದಳು.

ಉಕುಲೇಲೆ ಗೊತ್ತಿಲ್ಲದವರಿಗೆ ಒಂದು ಮಾತು. ಗಿಟಾರಿನ ಮನೆಯಲ್ಲಿ ಹುಟ್ಟಿ, ಸರಿಯಾಗಿ ಉಣ್ಣದೆ ಕುಳ್ಳಗೇ ಉಳಿದ ಮಗು ಅಂದುಕೊಳ್ಳಿ. ಮೊಳಕ್ಕಿಂತ ಸ್ವಲ್ಪ ಉದ್ದ, ನಾಲ್ಕೇ ತಂತಿ. ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ ಹೂವಿನ ಅಂಗಿ ತೊಟ್ಟವರು ಮರಳ ಮೇಲೆ ಕೂತು ನುಡಿಸುವ ವಾದ್ಯ. ಅದನ್ನು ಬನಿಯನ್, ಲುಂಗಿಯ ಲಾರಿ ಡ್ರೈವರೊಬ್ಬ ಹುಣಸೆ ಮರದ ಕೆಳಗೆ ಕೂತು ನುಡಿಸಿದರೆ ತಪ್ಪೇನು? ತಪ್ಪೇನಿಲ್ಲ. ಆದರೆ ಹಾದಿಯಲ್ಲಿ ಹೋಗುವವರು ನಿಲ್ಲುತ್ತಾರೆ, ನೋಡುತ್ತಾರೆ, ಏನೂ ಹೇಳದೆ ಹೋಗುತ್ತಾರೆ. ಬೈದರೆ ತಿರುಗಿ ಬೈಯಬಹುದು; ಇದಕ್ಕೆ ಏನು ಮಾಡುವುದು?

ಆ ಡ್ರೈವರ್ ನಾನೇ, ಮಾದೇಶ. ಮನೆಯ ಮಾತು ಕನ್ನಡ, ಶಾಲೆಯ ಮಾತು ತಮಿಳು, ಚೆಕ್‌ಪೋಸ್ಟಿನ ಮಾತು ಎದುರಿಗಿರುವವರಿಗೆ ಯಾವುದು ಇಷ್ಟವೋ ಅದು. ಕನ್ನಡದ ಅಕ್ಷರಗಳನ್ನು ನನಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ಮುಂದೆ ಹೋಗುತ್ತಿದ್ದ ಲಾರಿಗಳು ಕಲಿಸಿದವು. ದಾವಣಗೆರೆ, ಹರಿಹರದ ದಾರಿಯಲ್ಲಿ ಅವುಗಳ ಬೆನ್ನ ಮೇಲೆ ಬರೆದದ್ದನ್ನು ಕೂಡಿಸಿ ಕೂಡಿಸಿ ಓದಿದೆ. ಹಾಗಾಗಿ ನಾನು ಕನ್ನಡದಲ್ಲಿ ಮೊದಲು ಓದಿದ್ದು ‘ತಾಯಿಯ ಆಶೀರ್ವಾದ’, ಆಮೇಲೆ ಓದಿದ್ದು ‘ಅಂತರ ಕಾಯ್ದುಕೊಳ್ಳಿ’. ಸಂಸಾರ ಮಾಡುವುದಕ್ಕೆ ಇವೆರಡಕ್ಕಿಂತ ಹೆಚ್ಚಿನ ಸಾಹಿತ್ಯ ಬೇಕಾಗುವುದಿಲ್ಲ. ಮುಂದೆ, ಲೋಡು ಸಿಗದೆ ಊರೂರಲ್ಲಿ ಕಾಯುವಾಗ ಟೀ ಅಂಗಡಿಗಳ ಹಳೇ ವಾರಪತ್ರಿಕೆಗಳು ಕೈ ಹಿಡಿದು ಇಷ್ಟು ದೂರ ತಂದವು. ಬರೆದದ್ದರಲ್ಲಿ ತಪ್ಪಿದ್ದರೆ ದಯವಿಟ್ಟು ಲಾರಿಗಳನ್ನು ಬೈಯಿರಿ.

ಸೇಲಂ ಆಚೆಯ ಶಂಕಗಿರಿ ಅಂದರೆ ಕೋಟೆ, ಬೆಟ್ಟ ಎಂದು ಹೊರಗಿನವರು ಹೇಳುತ್ತಾರೆ. ನಮಗೆ ಶಂಕಗಿರಿ ಅಂದರೆ ಲಾರಿ. ಅಲ್ಲಿ ಕಲ್ಲೆಸೆದರೆ ಲಾರಿ ಓನರಿಗೆ ಬೀಳುತ್ತದೆ, ತಪ್ಪಿದರೆ ಅವನ ಭಾವಮೈದುನನಿಗೆ. ನನ್ನ ಒಂದೇ ಒಂದು ಲಾರಿಯೂ ಅಲ್ಲಿನ ಒಂದು ಯಾರ್ಡಿನಲ್ಲೇ ನಿಲ್ಲುತ್ತಿತ್ತು. ನಾನೇ ಓನರ್, ನಾನೇ ಡ್ರೈವರ್. ಬೇರೆಯವರ ಲಾರಿ ಓಡಿಸಿ ಓಡಿಸಿ ಸೊಂಟ ಸವೆದ ಮೇಲೆ ಕೊಂಡದ್ದು. ತೊಪ್ಪೂರು ಘಾಟಿಯಲ್ಲಿ ಬ್ರೇಕ್ ಹಿಡಿಯದ ಗಾಡಿಗಳ ಮಧ್ಯೆ ಅಷ್ಟು ವರ್ಷ ಇಳಿದು ಹತ್ತಿ ಮಾಡಿದರೂ ನನ್ನ ಕೂದಲು ಕೊಂಕಿರಲಿಲ್ಲ. ಕೊನೆಗೆ ನಾನು ಬಿದ್ದದ್ದು ನಿಂತ ಲಾರಿಯಿಂದ. ಲೋಡಿನ ಮೇಲೆ ನಿಂತು ತಾರ್ಪಾಲಿನ ಹಗ್ಗ ಜಗ್ಗುತ್ತಿದ್ದೆ, ಹಗ್ಗ ಕಿತ್ತಿತು, ನಾನು ಕೆಳಗೆ. ಇಂಜಿನ್ ಕೂಡ ಆನ್ ಆಗಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಅದು ನನ್ನಂಥವರನ್ನು ನೋಡಿಯೇ ಕಟ್ಟಿದ ಗಾದೆ.

ಎಡಗೈ ಮಣಿಕಟ್ಟು ಮುರಿದಿತ್ತು. ಒಳಗೆ ಪ್ಲೇಟು ಇಟ್ಟರು, ಸ್ಕ್ರೂ ಹಾಕಿದರು. ನೋಡಲು ಬಂದವರೆಲ್ಲ “ನಲ್ಲವೇಳೆ, ಪುಣ್ಯಕ್ಕೆ ಎಡಗೈ” ಎಂದು ಸಮಾಧಾನ ಹೇಳಿದರು. ಉಣ್ಣುವ ಕೈ ಉಳಿಯಿತು, ಸಹಿ ಹಾಕುವ ಕೈ ಉಳಿಯಿತು, ಇನ್ನೇನು ಬೇಕು? ಗೇರು ಹಾಕುವ ಕೈ ಯಾವುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಕಟ್ಟು ಬಿಚ್ಚಿದಾಗ ನನ್ನ ಬೆರಳುಗಳು ಒಣಗಿದ ಹುಣಸೆಕಾಯಿಯ ಹಾಗೆ ಬಾಗಿ ನಿಂತಿದ್ದವು. ಮುಷ್ಟಿ ಕಟ್ಟು ಅಂದರೆ ಕಟ್ಟುವುದಿಲ್ಲ, ಬಿಡು ಅಂದರೆ ಬಿಡುವುದಿಲ್ಲ. ನೀರಿನ ಲೋಟ ಕೊಟ್ಟರೆ ಜಾರಿ ಬೀಳುತ್ತಿತ್ತು. ಗೇರು ಹಿಡಿಯುವ ಮಾತು ದೂರವೇ ಉಳಿಯಿತು.

ಸುದ್ದಿ ಹಬ್ಬಿತು. ಕಾರಿಮಂಗಲಂನಿಂದ ಚಿನ್ನಸಾಮಿ ಬಂದ. ಲಾರಿ ಕೊಳ್ಳುವ, ಮಾರುವ ಮನುಷ್ಯ. ಹದ್ದಿನ ಕಣ್ಣು, ಆದರೆ ಬಾಯಿ ತುಂಬ ಬೆಲ್ಲ.

“ಅಣ್ಣಾ, ಲಾರಿ ನಿಂತಲ್ಲೇ ನಿಂತ್ರೆ ಟಯರು ಕೂತೋಯ್ತದೆ. ಕೊಟ್ಬುಡಿ. ನಿಮಗೂ ರೆಸ್ಟು,” ಅಂದ.

ನಾನು ಬಾಯಿ ತೆರೆಯುವ ಮೊದಲೇ ರಾಜಮ್ಮ ಒಳಗಿನಿಂದ ಬಂದಳು.

“ಈಗ ಬ್ಯಾಡ ತಮ್ಮ. ಮೊದ್ಲು ಇವ್ರ ಕೈ ಬರ್ಲಿ. ಆಯುಧ ಪೂಜೆ ಕಳೀಲಿ. ಮಾರನೇ ದಿನ ಇವ್ರೇ ಗಾಡಿ ಎತ್ಕಂಡು ತೊಪ್ಪೂರ್ ಘಾಟ್ ಅತ್ತಲಿ, ನಾನೂ ಜೊತೇಲಿ ಕೂತ್ಕಂತೀನಿ. ಆಮೇಲೆ ಮಾತಾಡಾಣ.”

ನನಗೆ ಆನಂದವೋ ಆನಂದ. ಘಾಟಿ ಹತ್ತಿಸಿದರೆ ಲಾರಿ ನನ್ನದು, ಹತ್ತಿಸದಿದ್ದರೆ ಚಿನ್ನಸಾಮಿಯದು. ಅವಳ ಮಾತನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದವನು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು.

ಸೇಲಂ ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು, ದಿನಕ್ಕೆ ಇಷ್ಟು ಸಲ ಹಿಂಡಿ ಎಂದಿದ್ದಳು. ಒಳ್ಳೆಯ ಹುಡುಗಿ. ಆದರೆ ಚೆಂಡು ಹಿಂಡುತ್ತಾ ಕೂರುವುದಕ್ಕಿಂತ ಬೇಜಾರಿನ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ. ಅದು ತಿರುಗಿ ಮಾತಾಡುವುದಿಲ್ಲ. ಸರಿಯಾಗಿ ಹಿಂಡಿದರೂ ಅಷ್ಟೇ, ತಪ್ಪಾಗಿ ಹಿಂಡಿದರೂ ಅಷ್ಟೇ. ಒಂದು ದಿನ ನಮ್ಮ ನಾಯಿ ಅದನ್ನು ಕಚ್ಚಿಕೊಂಡು ಹೋಯಿತು. ನಾನು ಹಿಂದೆ ಓಡಿದೆ, ಆದರೆ ಮನಸ್ಸಿಟ್ಟು ಓಡಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಉಕುಲೇಲೆ. ಮಗಳು ನಿತ್ಯಾ ಕಾಲೇಜು ಮುಚ್ಚಿದ್ದ ದಿನಗಳಲ್ಲಿ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಎರಡು ವಾರ ನುಡಿಸಿ, ಒಂದು ವಿಡಿಯೋ ಹಾಕಿ, ಆಮೇಲೆ ಮೊಳೆಗೆ ಒಪ್ಪಿಸಿದ್ದಳು. ಈಗ ಅವಳು ಸೇಲಂನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ಕೆಳಗಿಳಿಸಿ ಹಿಡಿದು ನೋಡಿದೆ. ಬಲಗೈ ಸುಮ್ಮನೆ ಮೀಟುತ್ತದೆ. ನಿಜವಾದ ಕೆಲಸವೆಲ್ಲ ಎಡಗೈಯದು. ತಂತಿಯನ್ನು ಬೆರಳು ಸರಿಯಾಗಿ ಒತ್ತಿದರೆ ಸ್ವರ ಬರುತ್ತದೆ, ಇಲ್ಲದಿದ್ದರೆ ‘ಡಬ್’ ಅನ್ನುತ್ತದೆ. ಆಹಾ, ಇದು ಮಾತಾಡುವ ಚೆಂಡು!

ಫೋನು ಮಾಡಿ ಹೇಳಿದರೆ ಮಗಳು ಕಿರುಚಿದಳು. “ಅಪ್ಪಾ, ಅದ ತೊಡಾದೀಂಗ, ಮುಟ್ಬೇಡಿ! ನೀವು ಹಿಡಿದ್ರೆ ಮುರಿದೋಗುತ್ತೆ.”

“ನಾನು ಲಾರೀನೇ ಮುರ್ದಿಲ್ಲ,” ಅಂದೆ.

“ಕೈ ಮುರ್ಕೊಂಡ್ರಲ್ಲ,” ಅಂದಳು. ಇವಳ ನಾಲಿಗೆ ತಾಯಿಯ ಕಡೆಯಿಂದ ಬಂದದ್ದು.

ಉಕುಲೇಲೆಯಲ್ಲಿ ಇದ್ದವು ಕಪ್ಪು ನೈಲಾನ್ ತಂತಿಗಳು, ವಾದ್ಯದ ಜೊತೆ ಬಿಟ್ಟಿಯಾಗಿ ಬಂದವು. ಮೆತ್ತಗೆ, ದಪ್ಪಗೆ, ಸೋಮಾರಿಯಾಗಿ. ಲಾರಿಯವರಿಗೆ ಕಿವಿ ಇಲ್ಲ ಎಂದು ತಿಳಿಯಬೇಡಿ. ಟಯರಿಗೆ ರಾಡಿನಲ್ಲಿ ಒಂದೇಟು ಹೊಡೆದು, ಬರುವ ಸದ್ದಿನಿಂದಲೇ ಗಾಳಿ ಎಷ್ಟಿದೆ ಎಂದು ಹೇಳುವವರು ನಾವು. ಈ ಕಪ್ಪು ತಂತಿಗಳಲ್ಲಿ ಗಾಳಿ ಕಡಿಮೆ ಇತ್ತು. ಆದರೂ ಒಂದೇ ಬೆರಳಿನ ‘ಸಿ’ ಎಂಬ ಕಾರ್ಡ್, ಅಂದರೆ ಬೆರಳಿನ ಪಟ್ಟು, ಹಿಡಿಯಲು ನನಗೆ ಒಂದು ವಾರ ಬೇಕಾಯಿತು. ಉಂಗುರದ ಬೆರಳು ಇಳಿಯಲಿ ಎಂದರೆ ಕಿರುಬೆರಳೂ ಇಳಿಯುತ್ತಿತ್ತು, ನಡುಬೆರಳು ಮೇಲೇಳುತ್ತಿತ್ತು. ಸ್ಕೂಲು ಬಿಟ್ಟಾಗಿನ ಮಕ್ಕಳು ಇದಕ್ಕಿಂತ ಶಿಸ್ತಾಗಿರುತ್ತಾರೆ. ರಾಜಮ್ಮ ಅಡುಗೆ ಮನೆಯಿಂದಲೇ ತೀರ್ಪು ಕೊಟ್ಟಳು:

“ಒದ್ದೆ ಪಂಚೆ ಕೊಡವಿದಂಗೈತೆ.”

ತಂತಿ ಅಂದಕೂಡಲೇ ನನಗೆ ನೆನಪಾಗುವವನು ಒಬ್ಬ ಗುಡ್ಡಪ್ಪ. ನಾನು ಚಿಕ್ಕವನಿದ್ದಾಗ ಮಾದಪ್ಪನ ಬೆಟ್ಟದ ಕಡೆಯ ಗುಡ್ಡಪ್ಪಂದಿರು ಸುಗ್ಗಿಯಾದ ಮೇಲೆ ಮಾದಪ್ಪನ ಕತೆ ಹಾಡಿಕೊಂಡು ನಮ್ಮ ಹಳ್ಳಿಗಳಿಗೆ ಬರುತ್ತಿದ್ದರು. ಒಬ್ಬನ ಬಳಿ ಏಕತಾರಿ. ಅದನ್ನು ನೋಡಿ ನಾನೂ ತೆಂಗಿನ ಚಿಪ್ಪಿಗೆ ಸೈಕಲ್ ಟ್ಯೂಬಿನ ರಬ್ಬರ್ ಎಳೆದು ಕಟ್ಟಿ, ಗುಂಯ್ ಗುಂಯ್ ಎನ್ನಿಸುತ್ತಾ ಅವನ ಹಿಂದೆ ಮೂರು ಬೀದಿ ಸುತ್ತಿದೆ. ಕೊನೆಗೆ ಕೇಳಿದೆ, ನಿನ್ನದಕ್ಕೆ ಒಂದೇ ತಂತಿ ಯಾಕೆ ಅಂತ. ಅವನು ಬಾಯಿಯ ಎಲೆ ಅಡಿಕೆ ಉಗುಳಿ, “ಒಂದುನ್ನೇ ಬಿಗಿಯಾಗಿ ಮಡಿಕ್ಕಳಕ್ಕೆ ಆಗಾಕಿಲ್ಲ, ಇನ್ನೊಂದು ಯಾರಿಗ್ಲಾ?” ಅಂದ. ನಾನು ಅದನ್ನು ದೊಡ್ಡ ಅಧ್ಯಾತ್ಮ ಎಂದು ತಿಳಿದು ಬಹಳ ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅಪ್ಪ ಮಾತ್ರ, “ಆ ಮನುಸ್ಯಂಗೆ ಎರಡನೇ ತಂತಿಗೆ ಕಾಸಿರ್ನಿಲ್ಲ ಕಣ್ಲಾ” ಅಂದ. ಈಗ ನಾಲ್ಕು ತಂತಿಯ ಜೊತೆ ಏಗಿದ ಮೇಲೆ ಗುಡ್ಡಪ್ಪನ ಮಾತೇ ನಿಜ ಅನ್ನಿಸುತ್ತದೆ.

ತಂತಿ ಬದಲಿಸಿದರೆ ಉಕುಲೇಲೆಯ ಜಾತಕವೇ ಬದಲಾಗುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದರು. ಅಲ್ಲಿ ತಂತಿಗಳನ್ನು ಹೋಲಿಸುವುದೇ ಕೆಲಸವಾಗಿರುವ ಜನರಿದ್ದಾರೆ. ಒಬ್ಬ ಕಣ್ಣು ಮುಚ್ಚಿ ಒಂದು ಸಲ ಮೀಟುತ್ತಾನೆ, ‘ಇದು ಬೆಚ್ಚಗಿದೆ’ ಅನ್ನುತ್ತಾನೆ. ಇನ್ನೊಂದನ್ನು ಮೀಟುತ್ತಾನೆ, ‘ಇದರಲ್ಲಿ ಬೆಣ್ಣೆ ಇದೆ’ ಅನ್ನುತ್ತಾನೆ. ನಾನು ಅದನ್ನೂ ಕೇಳಿದೆ, ಇದನ್ನೂ ಕೇಳಿದೆ. ಹಸಿವಾಯಿತೇ ಹೊರತು ವ್ಯತ್ಯಾಸ ಗೊತ್ತಾಗಲಿಲ್ಲ. ಆದರೂ ಒಂದು ಸೆಟ್ ತರಿಸಿದೆ. ಗಾಜಿನ ಹಾಗೆ ಪಾರದರ್ಶಕ, ಕಪ್ಪು ತಂತಿಗಿಂತ ಸಣ್ಣ, ಮುಟ್ಟಿದರೆ ಗಟ್ಟಿ. ಫ್ಲೋರೋಕಾರ್ಬನ್ ಅಂತೆ.

ಹಾಕುವ ಮೊದಲು ಉಕುಲೇಲೆಯ ಮುಂದೆ ಕರ್ಪೂರ ಹಚ್ಚಿ ಒಂದು ನಿಂಬೆಹಣ್ಣು ಕತ್ತರಿಸಿದೆ. ನಗಬೇಡಿ. ಲಾರಿಗೆ ಹೊಸ ಟಯರ್ ಹಾಕಿದರೆ ಮಾಡುತ್ತೇವೆ, ತಂತಿಗೆ ಯಾಕೆ ಮಾಡಬಾರದು?

ಫೋನಿನಲ್ಲಿ ಶ್ರುತಿ ನೋಡುವ ಆಪ್ ಒಂದಿದೆ. ತಂತಿ ಸರಿಯಾದರೆ ಹಸಿರು, ತಪ್ಪಿದರೆ ಕೆಂಪು. ನಾಲ್ಕೂ ಹಸಿರು ಮಾಡಿ, ಹೆಮ್ಮೆಯಿಂದ ಟೀ ಕುಡಿದು ಬರುವಷ್ಟರಲ್ಲಿ ನಾಲ್ಕೂ ಕೆಂಪು. ಮತ್ತೆ ತಿರುಪಿದೆ, ಮತ್ತೆ ಇಳಿಯಿತು. ತಂತಿ ಕೆಟ್ಟದ್ದು ಎಂದು ಮಗಳಿಗೆ ದೂರು ಹೇಳಲು ಹೊರಟವನಿಗೆ ಥಟ್ಟನೆ ಹೊಳೆಯಿತು: ಇದು ಹೊಸ ಹಗ್ಗ! ಲೋಡಿಗೆ ಹೊಸ ಹಗ್ಗ ಬಿಗಿದರೆ ಯಾರಾದರೂ ನೇರ ಊರಿಗೆ ಹೋಗುತ್ತಾರೆಯೇ? ಸ್ವಲ್ಪ ದೂರ ಹೋಗಿ ಗಾಡಿ ನಿಲ್ಲಿಸಿ, ಇಳಿದು ಸುತ್ತ ಬಂದು, ಸಡಿಲಾದದ್ದನ್ನೆಲ್ಲ ಜಗ್ಗಿ ಮತ್ತೆ ಬಿಗಿಯುತ್ತೇವೆ. ಹಾಗೇ ಮಾಡಿದೆ. ಹಾಲು ಕರೆಯುವ ಮುಂಚೆ ಒಮ್ಮೆ, ಕರೆದ ಮೇಲೆ ಒಮ್ಮೆ. ಮೂರನೇ ದಿನಕ್ಕೆ ತಂತಿಗಳು ಹೇಳಿದ ಮಾತು ಕೇಳತೊಡಗಿದವು. ಸದ್ದು ಚೊಕ್ಕವಾಗಿತ್ತು, ಬೆಳ್ಳಿ ಲೋಟಕ್ಕೆ ಚಮಚ ತಾಗಿದ ಹಾಗೆ. ನನಗಂತೂ ಬಹಳ ಹಿಡಿಸಿತು.

“ಸೊಳ್ಳೆ ಕಿವಿಯಾಕೆ ಓದಂಗೈತೆ,” ಎಂದು ರಾಜಮ್ಮ ಹಾದು ಹೋದಳು.

ನನ್ನ ಕಷ್ಟ ಬೇರೆಯದಿತ್ತು. ಬೆರಳು ಈಗ ಸುಲಭವಾಗಿ ಇಳಿಯುತ್ತಿತ್ತು. ‘ಸಿ’ ಬಂತು, ‘ಎಫ್’ ಬಂತು, ಮೂರು ಬೆರಳಿನ ‘ಜಿ’ ಕೂಡ ತಿಣುಕುತ್ತ ಬಂತು. ಆದರೆ ಲೋಟ ಇನ್ನೂ ಜಾರುತ್ತಿತ್ತು. ತಂತಿ ಇನ್ನೂ ಬಿರುಸಾಗಿರಬೇಕು, ಬೆರಳಿಗೆ ತಿರುಗಿ ಒದೆಯಬೇಕು. ಪ್ರಪಂಚದ ಜನರೆಲ್ಲ ಮೆತ್ತನೆಯ ತಂತಿ ಹುಡುಕುವಾಗ ನಾನೊಬ್ಬ ಒರಟು ತಂತಿ ಹುಡುಕತೊಡಗಿದೆ. ಇನ್ನೊಂದು ಸೆಟ್ ತರಿಸಿದೆ. ಅದರಲ್ಲಿ ಒಂದು ತಂತಿಯ ಮೈಮೇಲೆ ಸಣ್ಣ ಲೋಹದ ಎಳೆ ಸುತ್ತಿದ್ದರು. ಬಿರುಸೇನೋ ಇತ್ತು, ಆದರೆ ಬೆರಳು ಸರಿಸಿದಾಗಲೆಲ್ಲ ‘ಚೀಂಯ್’ ಅನ್ನುತ್ತಿತ್ತು. ರಾಜಮ್ಮ ಪೊರಕೆ ಹಿಡಿದು ಬಂದು ಕಪಾಟಿನ ಸಂದಿ ಬಗ್ಗಿ ನೋಡಿದಳು.

“ಇಲಿ ಎಲ್ಲೈತೆ?”

“ಇಲಿ ಅಲ್ಲ ಕಣೇ, ನಾನು.”

“ಇಲಿಯಾದ್ರೆ ಬೋನು ಮಡಗಬೋದಿತ್ತು,” ಎಂದು ಪೊರಕೆ ತೆಗೆದುಕೊಂಡು ಹೋದಳು.

ಆಮೇಲೆ ನಾನು ಮಾಡಿದ್ದನ್ನು ಲಾರಿಯವನಲ್ಲದೆ ಬೇರೆ ಯಾರೂ ಮಾಡುವುದಿಲ್ಲ. ಹಳೇ ಬೈಕಿನ ಕ್ಲಚ್ ವೈರ್ ಬಿಚ್ಚಿ, ಅದರಿಂದ ನಾಲ್ಕು ಎಳೆ ಸ್ಟೀಲ್ ತಂತಿ ತೆಗೆದೆ. ಉಕುಲೇಲೆಯ ಹೊಟ್ಟೆಯ ಮೇಲೆ, ತಂತಿಗಳ ಬುಡ ಕಟ್ಟುವುದಕ್ಕೆ ಅಂಟಿಸಿದ ಒಂದು ಪುಟ್ಟ ಮರದ ಪಟ್ಟಿ ಇರುತ್ತದೆ. ಅಲ್ಲಿಗೆ ಹೇಗೆ ಗಂಟು ಹಾಕಬೇಕೆಂದು ವಿಡಿಯೋದಲ್ಲಿ ಮೆಲ್ಲಗೆ, ಸೊಗಸಾಗಿ ತೋರಿಸಿದ್ದರು. ಗಂಟಿನ ವಿಷಯದಲ್ಲಿ ನನಗೆ ಹೂವಿನ ಅಂಗಿಯವರು ಪಾಠ ಹೇಳುವುದೇ? ತಾರ್ಪಾಲಿಗೆ ಹಾಕುವ ಗಂಟನ್ನೇ ಹಾಕಿದೆ. ಒಂದು ಸುರುಳಿ ಮಾಡಿ, ತುದಿಯನ್ನು ಅದರೊಳಗೆ ತೂರಿಸಿ ಜಗ್ಗಿದರೆ ಇಬ್ಬರ ಬಲ ಒಬ್ಬನಿಗೆ ಬರುವ ಗಂಟು ಅದು. ಹುಲ್ಲಿನ ಲೋಡನ್ನು ಮಗುವಿನ ಹಾಗೆ ಮಲಗಿಸುತ್ತದೆ. ಜಗ್ಗಿದೆ, ತಿರುಪಿದೆ. ಆಪ್ ಹಸಿರಾಗುತ್ತಾ ಬಂತು. ಇನ್ನೊಂದು ಸುತ್ತು ಬೇಕು ಅನ್ನುವಾಗ ‘ಫಟ್’ ಎಂದಿತು. ಮರದ ಪಟ್ಟಿ ತಂತಿಗಳ ಸಮೇತ ಎದ್ದು ನನ್ನ ಕಿವಿಯ ಪಕ್ಕದಿಂದ ಹಾರಿ ಅಡುಗೆ ಮನೆ ಸೇರಿತು. ಆಮೇಲೆ ರಾಜಮ್ಮನ ಧ್ವನಿ ಬಂತು:

“ಸಾಂಬಾರಿಗೆ ಉಪ್ಪು ಆಕ್ಬೇಕಿತ್ತು, ಇದುನ್ನ ಆಕಿದೀರಿ. ಎತ್ಕಂಡೋಗಿ.”

ಮಗಳಿಗೆ ಹೇಳುವ ಧೈರ್ಯವಾಗಲಿಲ್ಲ. ಸಾಂಬಾರು ತೊಳೆದ ಪಟ್ಟಿಯನ್ನೂ ಬೋಳು ಉಕುಲೇಲೆಯನ್ನೂ ಚೀಲಕ್ಕೆ ಹಾಕಿಕೊಂಡು ಶಂಕಗಿರಿಯ ಬಸ್ಸು ಹತ್ತಿದೆ. ಅಲ್ಲಿ ಲಾರಿ ಬಾಡಿ ಕಟ್ಟುವ ಪೆರುಮಾಳ್ ನನ್ನ ಗೆಳೆಯ. ಅವನಿಗೆ ಮರ ಅಂದರೆ ಬಾಗಿಲಿನಷ್ಟು ಅಗಲ ಇರಬೇಕು. ಉಕುಲೇಲೆಯನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, “ಇದರಲ್ಲಿ ಎಷ್ಟು ಟನ್ ಲೋಡ್ ಹಾಕ್ತಿದೀಯ?” ಎಂದು ಗಂಭೀರವಾಗಿಯೇ ಕೇಳಿದ. ಗೋಂದು ಹಚ್ಚಿದ. ಅದರಿಂದ ತೃಪ್ತಿಯಾಗದೆ, ನಾನು ‘ಬೇಡ ಬೇಡ’ ಎನ್ನುತ್ತಿದ್ದಂತೆ ಎರಡು ಬೋಲ್ಟು ತೂರಿಸಿ ಒಳಗಿನಿಂದ ನಟ್ ಬಿಗಿದ. “ಇನ್ನು ಉಕುಲೇಲೆ ಒಡೆದು ಹೋದ್ರೂ ಈ ಪಟ್ಟಿ ಉಳಿಯುತ್ತೆ” ಅಂದ. ಆಮೇಲೆ ಅದರ ಸದ್ದು ಹೇಗಾಯಿತು ಅನ್ನುವುದನ್ನು ಹೇಳದಿದ್ದರೇ ವಾಸಿ. ಹೊಟ್ಟೆಯಲ್ಲಿ ಎರಡು ಬೋಲ್ಟು ಇಟ್ಟುಕೊಂಡು ನೀವಾದರೂ ಎಷ್ಟು ಚೆನ್ನಾಗಿ ಹಾಡುತ್ತೀರಿ?

ಆದರೆ ಈಗ ಅದಕ್ಕೆ ಎಂಥ ತಂತಿ ಬೇಕಾದರೂ ಬಿಗಿಯಬಹುದಿತ್ತು. ನನಗೆ ಬೇಕಾಗಿದ್ದದ್ದೂ ಅದೇ. ಮೇಟ್ಟೂರಿಗೆ ಒಂದು ಸಾವಿನ ಮನೆಗೆ ಹೋದವನು ಬರುವಾಗ ಡ್ಯಾಮಿನ ಹತ್ತಿರ ಬಲೆ, ಗಾಳ ಮಾರುವ ಅಂಗಡಿಗೆ ನುಗ್ಗಿದೆ. ದೊಡ್ಡ ಮೀನು ಹಿಡಿಯುವ ಪ್ಲಾಸ್ಟಿಕ್ ನರಂಬು, ಅಂದರೆ ಗಾಳದ ದಾರ, ಕೊಡಿ ಅಂದೆ. ಎಷ್ಟು ದೊಡ್ಡ ಮೀನು ಅಂದ ಅಂಗಡಿಯವನು. ಎಡಗೈ ಚಾಚಿ, “ಇದುನ್ನ ಎಳೀಬೇಕು” ಅಂದೆ. ಅವನು ನನ್ನ ಮುಖ ನೋಡಿ, ಹೆಚ್ಚು ಮಾತಾಡದೆ ದಪ್ಪನೆಯ ಒಂದು ಸುರುಳಿ ಕೊಟ್ಟು ಕಳಿಸಿದ.

ಅದು ಸರಿಯಾದ ತಂತಿ. ಸಂಗ್ರಹದಲ್ಲೇ ಅತ್ಯಂತ ದಪ್ಪ. ಅದೇ ಸ್ವರಕ್ಕೆ ತರಬೇಕಾದರೆ ಉಳಿದವಕ್ಕಿಂತ ಬಿಗಿಯಾಗಿ ಜಗ್ಗಬೇಕು, ಒತ್ತಿದರೆ ಬೆರಳನ್ನು ತಿರುಗಿ ತಳ್ಳುತ್ತದೆ. ‘ಬಿ ಫ್ಲಾಟ್’ ಎಂದು ಒಂದು ಪಟ್ಟು ಇದೆ. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಮಲಗಿಸಿ, ಹೆಬ್ಬೆರಳನ್ನು ಹಿಂದಿನಿಂದ ಕೊಟ್ಟು, ಇಡೀ ಕೈಯಿಂದ ಹಿಂಡಬೇಕು. ಗೇರ್ ರಾಡಿನ ಗುಂಡು ಹಿಡಿಯುವುದೂ ಹೆಚ್ಚು ಕಡಿಮೆ ಹೀಗೆಯೇ. ದಿನಾ ಸಾಯಂಕಾಲ ಹುಣಸೆ ಮರದ ಕೆಳಗೆ ಕೂತು ಅದನ್ನೇ ಹಿಂಡಿದೆ. ಬೆರಳ ತುದಿ ಸೀಳಿತು, ಒಣಗಿತು, ಚಪ್ಪಲಿ ಅಟ್ಟೆಯ ಹಾಗಾಯಿತು. ಬರುತ್ತಿದ್ದದ್ದು ಸ್ವರವೋ, ಹಳೇ ಲಾರಿಯ ಬಾಗಿಲೋ ಹೇಳುವುದು ಕಷ್ಟ. ನಾಯಿ ಎದ್ದು ಪಕ್ಕದ ಮನೆಗೆ ಹೋಗಿ ಮಲಗುತ್ತಿತ್ತು. ಆದರೆ ರಾಜಮ್ಮ ಒಂದು ಮಾತು ಆಡಲಿಲ್ಲ. ಪಂಚೆ, ಸೊಳ್ಳೆ, ಇಲಿ ಎಂದು ಎಲ್ಲಕ್ಕೂ ಒಂದು ಬಿರುದು ಕೊಟ್ಟವಳು ಇದಕ್ಕೆ ಸುಮ್ಮನಾಗಿಬಿಟ್ಟಳು. ಪರವಾಗಿಲ್ಲ, ಕೊನೆಗೂ ಅವಳ ಕಿವಿಗೆ ಹಿಡಿಸಿದ ತಂತಿ ಸಿಕ್ಕಿತು ಅಂದುಕೊಂಡೆ. ಒಂದು ಬೆಳಿಗ್ಗೆ ನೀರಿನ ಲೋಟವನ್ನು ಎಡಗೈಯಲ್ಲಿ ಎತ್ತಿ ಕುಡಿದು ಕೆಳಗಿಟ್ಟೆ. ಜಾರಲಿಲ್ಲ. ಅವಳು ಅದನ್ನು ನೋಡಿಯೂ ನೋಡದವಳಂತೆ ಲೋಟ ತೊಳೆಯಲು ತೆಗೆದುಕೊಂಡು ಹೋದಳು.

ಆಯುಧ ಪೂಜೆಯ ದಿನ ಯಾರ್ಡಿನಲ್ಲಿ ಲಾರಿ ತೊಳೆದು, ಬಾಳೆಕಂದು ಕಟ್ಟಿ, ವಿಭೂತಿ ಬಳಿದು, ಬೂದುಗುಂಬಳ ಒಡೆದೆವು. ಮಾರನೇ ದಿನ ವಿಜಯದಶಮಿ, ಏನನ್ನಾದರೂ ಶುರು ಮಾಡುವುದಕ್ಕೆ ಒಳ್ಳೆಯ ದಿನ. ರಾಜಮ್ಮ ಹೊಸ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಲೀನರ್ ಸೀಟಿಗೆ ಹತ್ತಿ ಕೂತಳು. ಮದುವೆಯಾದಾಗಿನಿಂದ ಅವಳು ನಾನು ಓಡಿಸುವ ಲಾರಿಗೆ ಹತ್ತಿದ್ದು ಅದೇ ಮೊದಲು. ಲೋಡ್ ಗಾಡಿಗೆ ಹೆಂಡತಿಯನ್ನು ಹತ್ತಿಸುವ ಪದ್ಧತಿ ನಮ್ಮ ಕಡೆ ಇಲ್ಲ.

“ಇಷ್ಟೆತ್ರನಾ?” ಅಂದಳು. “ಕಾರೆಲ್ಲ ಕೋಳಿಮರಿ ಅಂಗೆ ಕಾಣ್ತವೆ. ಅದುಕ್ಕೇ ನಿಮಗೆಲ್ಲ ಇಷ್ಟು ಕೊಬ್ಬು.”

ಸೇಲಂ ದಾಟುವವರೆಗೆ ತೊಂದರೆ ಇರಲಿಲ್ಲ. ತೊಪ್ಪೂರು ಅಂದರೆ ಎಲ್ಲರೂ ಹೆದರುವುದು ಇಳಿಜಾರಿಗೆ. ಆದರೆ ಕೈಯ ಪರೀಕ್ಷೆ ಏರಿನಲ್ಲಿ. ನನ್ನದು ಹಳೇ ಗಾಡಿ, ಗೇರು ಬೇಡಿಕೊಂಡರೆ ಬೀಳುವಂಥದ್ದಲ್ಲ. ಮೊದಲ ತಿರುವಿನಲ್ಲಿ ಲಾರಿ ಮುಗ್ಗರಿಸಿತು. ಗೇರು ಇಳಿಸಬೇಕು. ಹಿಡಿದೆ, ಹಿಂಡಿದೆ, ಎಳೆದೆ. ಪ್ಲೇಟಿನ ಜಾಗದಲ್ಲಿ ಚುರ್ ಎಂದಿತು, ಬೆನ್ನೆಲ್ಲ ಬೆವರಿತು. ಆದರೆ ಬೆರಳುಗಳು ಬಿಡಲಿಲ್ಲ. ಗೇರು ‘ಖಟ್’ ಎಂದು ಕೂತಿತು. ಮುಂದಿನ ತಿರುವಿನಲ್ಲಿ ಮತ್ತೆ, ಅದರಾಚೆ ಮತ್ತೆ. ಪಕ್ಕದಲ್ಲಿ ರಾಜಮ್ಮ ರಸ್ತೆ ನೋಡುತ್ತಿರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು.

ಘಾಟಿ ಹತ್ತಿದ ಮೇಲೆ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ನನಗೆ ಕುಣಿಯಬೇಕು ಅನ್ನಿಸುತ್ತಿತ್ತು. ಅವಳು ನನ್ನ ಎಡಗೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು.

“ಕೈ ಬಂತು,” ಅಂದಳು.

“ಬಂತು.”

“ಸರಿ. ಈಗ ಗಾಡಿ ಮಾರ್ಬುಡಿ.”

ನಾನು ನಕ್ಕೆ. ಅವಳು ನಗಲಿಲ್ಲ. “ಕೈ ಬಂದ್ರೆ ಗಾಡಿ ಇರ್ತದೆ ಅಂದಿದ್ದೆಯಲ್ಲೇ?” ಎಂದು ಕೇಳಿದೆ.

“ನಾನೆಲ್ಲಂದೆ? ಆಮೇಲೆ ಮಾತಾಡಾಣ ಅಂದೆ. ಈಗ ಮಾತಾಡ್ತಾ ಇವ್ನಿ. ಅವತ್ತೇ ಮಾರಿದ್ರೆ ಊರೆಲ್ಲ ಏನಂತಿತ್ತು? ಕೈ ಓಯ್ತು, ಪಾಪ, ಮಾರ್ಬುಟ್ಟ ಅಂತಿತ್ತು. ನೀವೂ ಅಂಗೇ ಅಂದ್ಕಂಡು ಸಾಯೋಗಂಟ ಮೂಲೇಲಿ ಕೂತಿರ್ತಿದ್ರಿ. ಈಗ ಯಾರೂ ಅಂಗನ್ನಂಗಿಲ್ಲ. ಘಾಟ್ ಅತ್ತುಸ್ಬುಟ್ಟು ಮಾರಿದ ಅಂತಾರೆ.” ಸ್ವಲ್ಪ ತಡೆದು, ಧ್ವನಿ ತಗ್ಗಿಸಿ ಹೇಳಿದಳು: “ಇಷ್ಟು ವರ್ಸ ನೀವು ಈ ಘಾಟ್ ಇಳೀತೀನಿ ಅಂತ ಫೋನ್ ಮಾಡಿದ್ ದಿನೆಲ್ಲ, ಇಳಿದೆ ಅನ್ನೋಗಂಟ ನಂಗೆ ಅನ್ನ ಇಳೀತಿರ್ನಿಲ್ಲ. ಪೋದುಂ, ಸಾಕು. ನಂಗೂ ವಯಸ್ಸಾತು.”

ಮೊದಲು ಸಿಟ್ಟೇ ಬಂತು. ಬೆರಳು ಸೀಳಿಕೊಂಡು ಹಿಂಡಿದ್ದು ಇದಕ್ಕೇನಾ ಅನ್ನಿಸಿತು. ಅಂಗಡಿ ಹುಡುಗ ತಂದುಕೊಟ್ಟ ಟೀ ಆರುವವರೆಗೂ ಮುಖ ಊದಿಸಿಕೊಂಡು ಕೂತೆ. ಆದರೆ ಎಷ್ಟು ಹುಡುಕಿದರೂ ಆ ದಿನಗಳ ಭಯ ಮಾತ್ರ ಸಿಗಲಿಲ್ಲ. ಬಿದ್ದಂದಿನಿಂದ ನನ್ನನ್ನು ತಿನ್ನುತ್ತಿದ್ದದ್ದು ಲಾರಿ ಹೋಗುತ್ತದೆ ಎಂಬ ಭಯವಲ್ಲ, ಓಡಿಸಲಾರದವನಾಗಿ ಉಳಿಯುತ್ತೇನೆ ಎಂಬ ಭಯ. ಅದು ಘಾಟಿಯ ಕೆಳಗೇ ಉಳಿದುಹೋಗಿತ್ತು. ನನಗಿಂತ ಮುಂಚೆ ಇದನ್ನು ತಿಳಿದುಕೊಂಡವಳ ಪಕ್ಕದಲ್ಲಿ ಕೂತು, ಆರಿದ ಟೀ ಕುಡಿದೆ. ಕಣ್ಣು ತುಂಬಿತು. ಹೊಗೆ ಎಂದೆ. ಅವಳು ಒಪ್ಪಿಕೊಂಡಳು.

ಮನೆಯ ತಿರುವು ಬಂತು, ತಿರುಗಿಸಲಿಲ್ಲ. ಧರ್ಮಪುರಿ ದಾಟಿ ನೇರ ಕಾರಿಮಂಗಲಂಗೆ ಹೋದೆ. ಚಿನ್ನಸಾಮಿ ಅಂಗಡಿ ಮುಂದೆ ಕಾಯುತ್ತಾ ನಿಂತಿದ್ದ. ಬೆಳಿಗ್ಗೆಯೇ ಅಕ್ಕ ಫೋನ್ ಮಾಡಿದ್ದರು ಅಂದ. ಅಷ್ಟು ಹೊತ್ತಿಗೆ ನನಗೆ ಆಶ್ಚರ್ಯ ಪಡುವ ಶಕ್ತಿಯೂ ಉಳಿದಿರಲಿಲ್ಲ. ಕೀ ಕೊಟ್ಟೆ, ಎಡಗೈಯಿಂದಲೇ. ಅವನು ಅದೇ ಕೈ ಕುಲುಕಿದ. ನಾನು ಸ್ವಲ್ಪ ಹೆಚ್ಚೇ ಹಿಂಡಿರಬೇಕು, ‘ಅಣ್ಣಾ ಅಣ್ಣಾ’ ಅಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟೇ ಸಿಕ್ಕಿತು. ಅವನು ಗೇರು ಬದಲಿಸಿದಾಗಲೆಲ್ಲ ನನ್ನ ಕೈ ತೊಡೆಯ ಮೇಲೆ ತಾನೇ ಸರಿಯುತ್ತಿತ್ತು.

“ಅವ್ನು ಓಡಿಸ್ತಾವ್ನೆ, ನೀವು ಸುಮ್ಕಿರಿ,” ಎಂದು ರಾಜಮ್ಮ ಆ ಕೈಯನ್ನು ಹಿಡಿದುಕೊಂಡಳು. ಸ್ವಲ್ಪ ದೂರ ಹೋದ ಮೇಲೆ ಅಂದಳು: “ನಾಳೆ ಆ ಮೀನ್ ನರಂಬು ಬಿಚ್ಚಿ ಬಿಸಾಕಿ.”

“ಯಾಕೆ? ಅದೊಂದುಕ್ಕೇ ನೀನು ಏನೂ ಅನ್ನಲಿಲ್ಲ. ಇಷ್ಟ ಆಗೈತೆ ಅಂದ್ಕಂಡೆ.”

“ಇಷ್ಟನಾ? ಅಷ್ಟು ಕೆಟ್ಟ ಸದ್ದ ನನ್ ಜಲ್ಮದಾಗೇ ಕೇಳಿಲ್ಲ. ದಿನಾ ಕಿವೀಗೆ ಅತ್ತಿ ಇಟ್ಕಂಡು ಮುದ್ದೆ ತಿರುವ್ತಿದ್ದೆ. ಬೆರಳು ಮಡಚಾಕೆ ಬಂದಿತ್ತಲ್ಲ, ಎಲ್ಲಿ ನಿಲ್ಲಿಸ್ಬುಡ್ತೀರೋ ಅಂತ ಬಾಯಿ ಬುಡ್ನಿಲ್ಲ.”